ಓಣಿಯ ಕಡೆಯ ಮನೆ

ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಅಂಗಡಿ ಇತ್ತು. ಮೊದಲು ಅದು ಟೈಪಿಂಗ್ ಕ್ಲಾಸು. ಟೈಪ್‌ರೈಟರಿನ ಕಾಲ ಮುಗಿದ ಮೇಲೆ ಕಂಪ್ಯೂಟರ್ ತಂದಿಟ್ಟು, ಬೋರ್ಡು ಅಳಿಸಿ ಇಂಟರ್ನೆಟ್ ಸೆಂಟರ್ ಎಂದು ಬರೆಸಿದೆ. ರಿಸಲ್ಟಿನ ದಿನ ಕಾಲಿಡಲು ಜಾಗ ಇರುತ್ತಿರಲಿಲ್ಲ. ಉಳಿದ ದಿನ ನಾನು ಮತ್ತು ನೊಣ. ಹಾಗೆ ನೊಣ ಹೊಡೆಯುತ್ತ ಕೂತವನಿಗೆ ಬ್ಲಾಗ್ ಬರೆಯುವ ಹುಚ್ಚು ಹಿಡಿಯಿತು.

ಹುಚ್ಚು ಎಂದರೆ ಹುಚ್ಚೇ. ರಾಜಕೀಯ, ಕ್ರಿಕೆಟ್ಟು, ಮನೆಮದ್ದು, ರಾಶಿ ಫಲ, ನನ್ನ ಚುಟುಕುಗಳು, ಯಾವುದನ್ನೂ ಬಿಡಲಿಲ್ಲ. ಪುಟದ ಬದಿಗೆ ಒಂದು ಗಡಿಯಾರ, ಪಟಪಟ ಹಾರುವ ಬಾವುಟ, ಬಲದಿಂದ ಎಡಕ್ಕೆ ಓಡುವ ಸುವಿಚಾರ. ತೆರೆದ ಕೂಡಲೇ ತಾನಾಗಿಯೇ ಊದುವ ಶಹನಾಯಿ ಬೇರೆ. ಅದೆಲ್ಲ ತೆರೆದುಕೊಳ್ಳುವ ಹೊತ್ತಿಗೆ ಕರೆಂಟು ಹೋಗಿರುತ್ತಿತ್ತು. ಎಷ್ಟು ಜನ ಬಂದು ಹೋದರು ಎಂದು ತೋರಿಸುವ ಮೀಟರನ್ನೂ ಹಾಕಿದ್ದೆ. ಅದರಲ್ಲಿ ಬಂದು ಹೋದವನು ಬಹುಪಾಲು ನಾನೇ.

ಒಂದು ಮಧ್ಯಾಹ್ನ ಬುತ್ತಿ ತಂದ ನನ್ನ ಹೆಂಡತಿ ನನ್ನ ಬೆನ್ನ ಹಿಂದೆ ನಿಂತು ಇದನ್ನೆಲ್ಲ ನೋಡಿದಳು.

"ಇದೇನ್ರೀ ಇದು? ಕಣ್ಣಿಗೆ ಚಕ್ಕರ್ ಬರಾಕತ್ತೈತಿ."

"ಬ್ಲಾಗು," ಎಂದೆ.

"ಏನರ ಅನ್ರಿ. ಓದೋರು ಯಾರು?"

"ಯಾರೂ ಇಲ್ಲ," ಎಂದೆ ಸಿಟ್ಟಿನಿಂದ.

"ಯಾಕ ಓದ್ತಾರ? ಹೋಳಿಗಿ, ಚುರುಮುರಿ, ಉಪ್ಪಿನಕಾಯಿ, ಎಲ್ಲಾ ಒಂದ ಗಂಗಾಳದಾಗ ಸುರುವಿ ಉಣ್ಣ ಅಂದ್ರ ಯಾರ ಉಣ್ತಾರ? ಒಂದ ಪಲ್ಯಾ ಮಾಡ್ರಿ. ಅದನ್ನರ ನೆಟ್ಟಗ ಮಾಡ್ರಿ."

ನನಗೆ ಮೈ ಉರಿಯಿತು. ಏಳನೇ ಇಯತ್ತೆಗೆ ಸಾಲಿ ಬಿಟ್ಟವಳು ನನಗೆ ಪಾಠ ಹೇಳುತ್ತಾಳೆ ಎಂದು ಆ ದಿನ ಮಾತು ಬಿಟ್ಟೆ. ಅವಳೇನೂ ಹೆದರಲಿಲ್ಲ. ಬುತ್ತಿಯ ಡಬ್ಬಿ ತೊಳೆದುಕೊಂಡು ಮನೆಗೆ ಹೋದಳು. ಮನೆಯಲ್ಲಿ ನಾವಿಬ್ಬರೇ. ಮಕ್ಕಳಾಗಲಿಲ್ಲ. ಹಾಗಾಗಿ ನಮ್ಮ ಜಗಳಗಳಿಗೆ ಆಯುಷ್ಯ ಕಡಿಮೆ, ಯಾರೂ ನಡುವೆ ಬಂದು ಬೆಳೆಸುವವರಿರಲಿಲ್ಲ.

ಅವಳು ಹಳೇ ಕೊಲ್ಹಾರದವಳು, ತಂದೆತಾಯಿಗೆ ಒಬ್ಬಳೇ ಮಗಳು. ನಾನು ಹೂವಿನ ಹಿಪ್ಪರಗಿಯವನು. ನಿಮ್ಮೂರಾಗ ನೀರು ನೋಡಬೇಕಂದ್ರ ತಂಬಗ್ಯಾಗ ನೋಡಬೇಕು ಎಂದು ಅವಳು ನನ್ನನ್ನು ಹಂಗಿಸುವುದು ಮದುವೆಯಾದ ವಾರದಿಂದ ಶುರುವಾಗಿತ್ತು. ಕಡೆಗೆ ಆ ನೀರೇ ಅವಳ ಊರನ್ನು ತೆಗೆದುಕೊಂಡಿತು. ಅಣೆಕಟ್ಟಿನ ಹಿನ್ನೀರು ಬಂದು ಹಳೇ ಊರು ಮುಳುಗಿದಾಗ ಜನರಿಗೆ ಮೇಲೆ ಹೊಸ ಜಾಗ ಸಿಕ್ಕಿತು. ಆದರೆ ಓಣಿ ಓಣಿಯಾಗಿ ಸಿಗಲಿಲ್ಲ. ಚೀಟಿ ಎತ್ತಿದಂತೆ ಒಬ್ಬರು ಈ ತುದಿ, ಒಬ್ಬರು ಆ ತುದಿ. ಎಷ್ಟೋ ಜನ ದುಡ್ಡು ತೆಗೆದುಕೊಂಡು ಸೊಲ್ಲಾಪುರ, ಪುಣೆ ಎಂದು ಹೋಗಿಬಿಟ್ಟರು. ಅವಳ ತಂದೆತಾಯಿ ಹೊಸ ಮನೆಯಲ್ಲಿ ಬಹಳ ದಿನ ಬಾಳಲಿಲ್ಲ.

ನಮ್ಮ ಕಡೆ ದಸರೆಯ ಸಂಜೆ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗಿ ಹಿರಿಯರ ಕೈಗೆ ಕೊಟ್ಟು, ಬಂಗಾರದಂಗ ಇರೂಣು ಎಂದು ಕಾಲಿಗೆ ಬೀಳುವ ರೂಢಿ. ಅವಳ ಓಣಿಯಲ್ಲಿ ಅದಕ್ಕೊಂದು ಸರದಿ ಇತ್ತಂತೆ. ಓಣಿಯ ತಲೆಯ ಮನೆಯಿಂದ ಹಿಡಿದು ಹೊಳೆಯ ಕಡೆಯ ತುದಿಯವರೆಗೆ ಸಾಲಾಗಿ ಹೋಗಬೇಕು. ಮಾತು ಬಿಟ್ಟವರ ಮನೆಯಾದರೂ ಸೈ, ಜಿಗಿದು ಹೋಗುವಂತಿಲ್ಲ. ಹೊಸ ಊರಿನ ಮೊದಲ ದಸರೆಗೆ ಜನ ಆ ಹಳೆಯ ಸರದಿಯನ್ನೇ ಹಿಡಿದು ಹೊರಟರು. ಈ ತುದಿಯ ಮನೆಯಾಯಿತು, ಮುಂದಿನದು ಆ ತುದಿಗೆ, ಅದರ ಮುಂದಿನದು ಮತ್ತೆ ಈ ಕಡೆ. ಪಕ್ಕದ ಪ್ಲಾಟಿನವರು ಬನ್ನಿ ಹಿಡಿದು ಬಾಗಿಲಿಗೆ ಬಂದರೆ, ತಡೀರಿ ಮೊದಲು ನಮ್ಮ ಹಳೇ ಓಣಿಯ ಕಟ್ಟಿ ಮನಿಯವರು ಬರ್ಲಿ ಎಂದು ಅವರನ್ನು ನಿಲ್ಲಿಸಿದರಂತೆ. ಕತ್ತಲಾದರೂ ಮುಗಿಯಲಿಲ್ಲ. ಎಲೆ ಬಾಡಿದವು, ಮುದುಕರ ಕಾಲು ಸೋತವು. ಇದನ್ನು ಅವಳು ನಗುತ್ತಲೇ ಹೇಳುತ್ತಿದ್ದಳು. ಅರ್ಧಕ್ಕೆ ಬಂದಾಗ ನಗು ನಿಲ್ಲುತ್ತಿತ್ತು.

ಅವಳು ಪ್ರತಿ ರವಿವಾರ ವಾರಕ್ಕಾಗುವಷ್ಟು ಕಡಕ್ ರೊಟ್ಟಿ ಮಾಡುತ್ತಿದ್ದಳು. ಒಲೆ ಮುಂದೆ ಕೂತು ಹಿಟ್ಟಿಗೆ ಕೈ ಹಾಕಿದಳೆಂದರೆ ಬಾಯಿ ತೆರೆಯುತ್ತಿತ್ತು, ಕಡೆಯ ರೊಟ್ಟಿ ಹಂಚಿನಿಂದ ಇಳಿಯಿತೆಂದರೆ ಮುಚ್ಚುತ್ತಿತ್ತು. ಆಮೇಲೆ ಏನು ಕೇಳಿದರೂ ಹೂಂ, ಉಹೂಂ. ಅಂಥ ಒಂದು ರವಿವಾರ ನಾನು ಹೊಸ್ತಿಲ ಮೇಲೆ ಕೂತು, ಬ್ಲಾಗನ್ನು ಮುಚ್ಚಿಬಿಡುತ್ತೇನೆ ಎಂದು ಗೊಣಗುತ್ತಿದ್ದೆ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ ಕಟ್ಟಿ ಮನೆಯ ಸುದ್ದಿ ತೆಗೆದಳು. ಕೇಳುತ್ತ ಕೇಳುತ್ತ ನಾನು ಗೊಣಗುವುದನ್ನು ಮರೆತೆ. ಅಂಗಡಿಗೆ ಹೋಗಿ ಅವಳು ಹೇಳಿದ್ದನ್ನು ಹೇಳಿದ ಹಾಗೆ, ಬರವಣಿಗೆಯ ಕನ್ನಡಕ್ಕೆ ತಂದು ಟೈಪ್ ಮಾಡಿದೆ.

"ಇದು ಕಟ್ಟಿ ಮನೆ. ಇವರ ಕಟ್ಟೆ ಇವರ ಮನೆಗಿಂತ ದೊಡ್ಡದು. ಊಟ ಕಟ್ಟೆಯ ಮೇಲೆ, ಜಗಳ ಕಟ್ಟೆಯ ಮೇಲೆ, ಮಗಳನ್ನು ನೋಡಲು ಬಂದ ಗಂಡಿನವರು ಕೂತದ್ದೂ ಕಟ್ಟೆಯ ಮೇಲೆ. ನೀರು ಬರುತ್ತದೆ ಎಂದಾಗ ಬಾಗಿಲು ಕಿತ್ತರು, ತೊಲೆ ಕಿತ್ತರು, ಎಲ್ಲ ಚಕ್ಕಡಿಯಲ್ಲಿ ಹೇರಿದರು. ಕಟ್ಟೆಯನ್ನು ಒಯ್ಯಲು ಬರಲಿಲ್ಲ. ಯಜಮಾನ ಕಡೆಯ ಚಕ್ಕಡಿ ಹೊರಟರೂ ಅದರ ಮೇಲೆ ಕೂತೇ ಇದ್ದ."

ಬರೆದು ಮುಗಿಸಿ ನೋಡಿದರೆ ಅದರ ಪಕ್ಕದಲ್ಲಿ ಬಾವುಟ ಹಾರುತ್ತಿತ್ತು, ಶಹನಾಯಿ ಊದುತ್ತಿತ್ತು. ನನಗೇ ನಾಚಿಕೆಯಾಯಿತು. ಗಡಿಯಾರ ತೆಗೆದೆ, ಬಾವುಟ ತೆಗೆದೆ, ರಾಶಿ ಫಲ, ಚುಟುಕು, ಮೀಟರು ಎಲ್ಲ ಕಿತ್ತು ಒಗೆದೆ. ಬಿಳಿ ಪುಟ, ಕರಿ ಅಕ್ಷರ, ವಾರಕ್ಕೊಂದು ಮನೆ. ಅವಳು ರೊಟ್ಟಿ ಎಲ್ಲಿಯವರೆಗೆ ಬಡಿದಳೋ ಅಲ್ಲಿಯವರೆಗೆ ಬರಹ. ಬೇರೆ ಏನೂ ಹಾಕುವುದಿಲ್ಲ ಎಂದು ನಿಶ್ಚಯ ಮಾಡಿದೆ.

ಜನ ಬಂದರು. ಎಲ್ಲಿಂದ ಬಂದರೋ! ಮುದ್ದೇಬಿಹಾಳದ ಒಬ್ಬ ಮೇಷ್ಟ್ರು ತಾಳಿಕೋಟೆಯ ಬೀಗರಿಗೆ ಹೇಳಿದರಂತೆ, ಅವರು ಗೋವಾದ ತಮ್ಮನಿಗೆ ಹೇಳಿದರಂತೆ. ಮೊದಲು ಮುಳುಗಿದ ಊರುಗಳವರು ಓದಿದರು. ಆಮೇಲೆ ಊರು ಮುಳುಗದವರೂ ಓದತೊಡಗಿದರು. ಓದಿ ಸುಮ್ಮನಿರುತ್ತಿರಲಿಲ್ಲ, ಕೆಳಗೆ ತಮ್ಮ ತಮ್ಮ ಮಾತು ಬರೆಯುತ್ತಿದ್ದರು. ನಾನು ಅವನ್ನೆಲ್ಲ ಪ್ರಿಂಟ್ ತೆಗೆದು ಮನೆಗೆ ಒಯ್ದು ಅವಳಿಗೆ ಓದಿ ಹೇಳುತ್ತಿದ್ದೆ. ಅವಳು ಗಲ್ಲಕ್ಕೆ ಕೈ ಹಚ್ಚಿ ಕೇಳುತ್ತಿದ್ದಳು.

ಪುಣೆಯಿಂದ ಒಬ್ಬ ಮಗ ತನ್ನ ತಾಯಿ ಹೇಳಿದ್ದನ್ನು ಬರೆದು ಕಳಿಸುತ್ತಿದ್ದ. ಆ ತಾಯಿ ಅದೇ ಓಣಿಯ ಎರಡು ಬಾಗಿಲ ಮನೆಯ ಸೊಸೆ. ನನ್ನ ಹೆಂಡತಿಗೆ ಚಿಗವ್ವ, ಅಂದರೆ ಚಿಕ್ಕಮ್ಮ ಆಗಬೇಕು. ಓಣಿಯನ್ನು ಹೇಳುತ್ತಿರುವವಳು ಇವಳೇ ಎಂದು ಆಕೆ ಮೊದಲೇ ಗುರುತು ಹಿಡಿದಿದ್ದಳು. ಒಂದು ವಾರ ಆ ಮಗ ಬರೆದ: ಗಾಣದ ಮನೆಯ ಮುಂದೆ ಇದ್ದದ್ದು ಬೇವಿನ ಗಿಡ ಅಲ್ಲ, ಹುಣಸೆ ಗಿಡ, ಅವ್ವ ಹೇಳಾಕತ್ತಾಳ. ಓದಿದ್ದೇ ತಡ, ನಮ್ಮ ಮನೆಯಲ್ಲಿ ರಣರಂಗ.

"ಚಿಗವ್ವಗ ಅರಳು ಮರಳು! ಬೇವಿನ ಗಿಡಾ ಅದು. ನಾ ಅದರ ಕೆಳಗ ಬಿದ್ದು ಹಲ್ಲ ಮುರ್ಕೊಂಡೇನಿ."

"ಹುಣಸಿ ಗಿಡದ ಕೆಳಗ ಬಿದ್ರೂ ಹಲ್ಲ ಮುರೀತಾವಲ್ಲ," ಎಂದೆ.

"ನೀವು ಯಾರ ಕಡೆ ಅದೀರಿ?"

ಮುಂದಿನ ವಾರಕ್ಕೆ ಓಣಿಯ ಇನ್ನೂ ಮೂರು ನಾಲ್ಕು ಜನ ಹುಣಸೆ ಎಂದು ಸಾಕ್ಷಿ ಹೇಳಿದರು. ಎಲ್ಲಾರೂ ಕೂಡಿ ಸುಳ್ಳ ಹೇಳಾಕತ್ತಾರ ಎಂದಳೇ ಹೊರತು ಸೋಲಲಿಲ್ಲ. ತಿದ್ದಿದರೆ ರೊಟ್ಟಿ ಇಲ್ಲ ಎಂದಳು. ನಾನು ತಿದ್ದಲಿಲ್ಲ.

ಆ ಚಳಿಗಾಲದಲ್ಲಿ ಅವಳಿಗೆ ಒಣ ಕೆಮ್ಮು ಶುರುವಾಯಿತು. ಶುಂಠಿ ಆಯಿತು, ಕಷಾಯ ಆಯಿತು, ಬಾಗೇವಾಡಿಯ ಡಾಕ್ಟರರ ಸೂಜಿಯೂ ಆಯಿತು. ನೀರಿನ ಕೊಡ ಎತ್ತಿ ನಾಲ್ಕು ಹೆಜ್ಜೆ ಇಟ್ಟರೆ ದಮ್ಮು ಹತ್ತುತ್ತಿತ್ತು. ಬಿಜಾಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಎದೆಯ ಫೋಟೋ ತೆಗೆಸಿ ನೋಡಿ, ಅವಳನ್ನು ಹೊರಗೆ ಕೂರಿಸಿ ನನಗೊಬ್ಬನಿಗೇ ಹೇಳಿದರು. ಪುಪ್ಪುಸಗಳು ಗಟ್ಟಿಯಾಗುತ್ತ ಹೊರಟಿವೆ, ಇದಕ್ಕೆ ಮರಳಿ ದಾರಿ ಇಲ್ಲ, ಹೊಗೆಯ ಹತ್ತಿರ ಬಿಡಬೇಡಿ, ಹೆಚ್ಚು ಮಾತಾಡಿಸಬೇಡಿ. ಹೊರಗೆ ಬಂದರೆ ಅವಳು ನನ್ನ ಮುಖ ನೋಡಿ, "ತಿಳೀತು ಬಿಡ್ರಿ. ಬಸ್ಸಿಗಿ ಹೊತ್ತಾತು," ಎಂದಳು.

ಕಟ್ಟಿಗೆಯ ಒಲೆ ಹೋಯಿತು, ಗ್ಯಾಸ್ ಬಂತು. ಅಡುಗೆಗೆ ಪಕ್ಕದ ಮನೆಯ ಹೆಣ್ಣುಮಗಳನ್ನು ಗೊತ್ತು ಮಾಡಿದೆ. ರವಿವಾರ ಮಾತ್ರ ಅವಳು ಯಾರಿಗೂ ಒಲೆ ಬಿಟ್ಟುಕೊಡಲಿಲ್ಲ. ಸುಮ್ಮನೆ ಹಾಸಿಗೆಯಲ್ಲೇ ಮಲಗಿ ಹೇಳು ಎಂದರೆ, "ಕೈಯಾಗ ಹಿಟ್ಟ ಇಲ್ಲಂದ್ರ ನನಗ ಏನೂ ನೆನಪ ಆಗಂಗಿಲ್ರಿ," ಎನ್ನುತ್ತಿದ್ದಳು. ಒಂದು ರಾಶಿ ಮಾಡುತ್ತಿದ್ದವಳು ಅರ್ಧಕ್ಕೆ ನಿಲ್ಲಿಸತೊಡಗಿದಳು. ಆಮೇಲೆ ನಾಲ್ಕಾರು ರೊಟ್ಟಿ, ಆಮೇಲೆ ಎರಡು. ಅವಳು ಉಸಿರು ತೆಗೆದುಕೊಳ್ಳಲು ನಿಂತಲ್ಲಿ ನನ್ನ ವಾಕ್ಯವೂ ನಿಲ್ಲುತ್ತಿತ್ತು. ನಾನು ಒಂದು ಶಬ್ದವನ್ನೂ ಕೂಡಿಸಲಿಲ್ಲ. ಕೂಡಿಸಲು ಮನಸ್ಸಾಗಲಿಲ್ಲ.

ಆಗ ನೋಡಿ ಬ್ಲಾಗಿಗೆ ಹೆಸರು ಬಂದದ್ದು!

ಮೊದಲು ನಿಮ್ಮ ಬರಹದಲ್ಲಿ ಸ್ವಲ್ಪ ವಿವರಣೆ ಹೆಚ್ಚಿತ್ತು, ಈಗ ಒಂದೊಂದು ಮಾತೂ ತೂಗಿ ಇಟ್ಟಂತಿದೆ ಎಂದು ಒಬ್ಬರು ಬರೆದರು. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ದುಃಖ ಹೇಗೆ ತುಂಬುತ್ತೀರಿ ಎಂದು ಇನ್ನೊಬ್ಬರು ಬರೆದರು. ಪೇಪರಿನಲ್ಲಿ ನಾಲ್ಕು ಸಾಲು ಬಂತು. ಇಂಡಿ ಊರಿನಿಂದ ಒಬ್ಬ ಬ್ಲಾಗ್ ಬರೆಯುವವನು ಬಸ್ಸು ಹತ್ತಿ ಅಂಗಡಿಗೇ ಬಂದು, ನಿಮ್ಮ ಹಾಗೆ ಕಡಿಮೆ ಬರೆಯುವುದನ್ನು ಕಲಿಸಿ ಸರ್ ಎಂದು ಕೈ ಮುಗಿದ. ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಪಾಪ, ಅವನದೇನು ತಪ್ಪು? ಚಹಾ ಕುಡಿಸಿ ಕಳಿಸಿದೆ.

ಅವಳಿಗೆ ಇದನ್ನೆಲ್ಲ ಓದಿ ಹೇಳಿದಾಗ ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು. ಕೆಮ್ಮು ಇಳಿದ ಮೇಲೆ ಹೇಳಿದಳು.

"ನೋಡ್ರಿ, ನನ್ನ ದಮ್ಮ ಹೋದಷ್ಟೂ ನಿಮ್ಮ ಹೆಸರ ಬರಾಕತ್ತೈತಿ."

"ಸುಡ್ಲಿ ಹೆಸರು," ಎಂದೆ. "ನಾ ಬರದ ಹಾಕ್ತೇನಿ. ನಿನಗ ಆರಾಮಿಲ್ಲ, ಅದಕ್ಕ ಸಣ್ಣದಾಗ್ಯಾವು ಅಂತ ಎಲ್ಲಾರಿಗೂ ಗೊತ್ತಾಗಲಿ."

"ಬ್ಯಾಡ್ರಿ. ನನ್ನ ಆಣಿ ಐತಿ. ಹೇಳಿದ್ರ ಅವರು ಓಣಿ ಓದಂಗಿಲ್ಲ, ನನ್ನ ರೋಗಾ ಓದ್ತಾರ."

ಆಣೆ ಇಟ್ಟ ಮೇಲೆ ನನ್ನ ಕೈ ಕಟ್ಟಿದಂತಾಯಿತು. ಆದರೆ ನನಗೆ ಒಳಗೊಳಗೇ ತಿನ್ನುತ್ತಿದ್ದದ್ದು ಬೇರೆ. ಅವಳು ಬನ್ನಿಯ ಸರದಿಯಂತೆ ಮನೆ ಹೇಳುತ್ತ ಬಂದಿದ್ದಳು. ಅವಳ ತವರುಮನೆ ಓಣಿಯ ಕಡೆಯ ಮನೆ, ಹೊಳೆಗೆ ಹತ್ತಿಕೊಂಡದ್ದು, ಮೊದಲು ನೀರು ಹೊಕ್ಕದ್ದು. ಅದರ ಸರದಿ ಬರುವವರೆಗೆ ಅವಳ ಉಸಿರು ಇರುತ್ತದೋ ಇಲ್ಲವೋ. ಆ ಮನೆ ನನಗೂ ಗೊತ್ತಿರಲಿಲ್ಲ. ಮದುವೆಯಲ್ಲಿ ಬಾಸಿಂಗ ಕಟ್ಟಿಕೊಂಡು ತಲೆ ಬಗ್ಗಿಸಿ ಹೋದವನು ನಾನು. ಆಮೇಲೆ ಹೋದಾಗಲೆಲ್ಲ ಅಳಿಯ ಬಂದ ಎಂದು ಪಡಸಾಲೆಯಲ್ಲಿ ಗಾದಿ ಹಾಸಿ ಕೂರಿಸುತ್ತಿದ್ದರು. ಊಟ ಅಲ್ಲಿಗೇ, ಎಲೆ ಅಡಿಕೆ ಅಲ್ಲಿಗೇ. ಅಳಿಯನಾದವನು ಎದ್ದು ಒಳಗಿನ ಮನೆಗೆ ಹೋಗುವುದು ಆ ಮನೆಯಲ್ಲಿ ಸಲ್ಲದು. ಅವಳು ಹುಟ್ಟಿ ಬೆಳೆದ ಜಾಗವನ್ನು ನಾನು ಕಂಡೇ ಇರಲಿಲ್ಲ.

ಒಂದು ರವಿವಾರ ಬಾಯಿಬಿಟ್ಟು ಕೇಳಿದೆ. "ಉಳಿದ ಮನಿ ಆಮ್ಯಾಲ ಹೇಳೀಯಂತ. ಮೊದಲ ನಿಮ್ಮ ಮನಿ ಹೇಳು."

"ಯಾಕ್ರಿ, ನಾ ಎಲ್ಲಿಗರ ಹೊಂಟೇನೇನು?"

ಹಿಟ್ಟು ನಾದುತ್ತ ಮತ್ತೆ ಮೆತ್ತಗೆ ಹೇಳಿದಳು. "ಬನ್ನಿ ಕೊಡೂ ಮುಂದ ನಡುವಿನ ಮನಿ ಜಿಗದು ಹೋಗ್ತಾರೇನ್ರಿ? ಮಂದಿ ಏನಂದಾರು?"

"ಯಾವ ಮಂದಿ? ಓಣಿನ ಇಲ್ಲ! ನೀರಾಗ ಐತಿ ಅದು!" ಎಂದು ಕೂಗಿದೆ. ಅಷ್ಟು ಜೋರಾಗಿ ಅವಳ ಮೇಲೆ ಎಂದೂ ಕೂಗಿರಲಿಲ್ಲ.

"ಐತಿ. ಓಣಿ ಮಂದಿ ವಾರಾ ವಾರಾ ಓದಾಕ ಬರಾಕತ್ತಾರಲ್ಲ," ಎಂದಳು. ಮತ್ತೆ ಸರದಿಯ ಮನೆಯನ್ನೇ ಹೇಳಿದಳು. ನಾನು ಕಣ್ಣು ಒರೆಸಿಕೊಳ್ಳುತ್ತ ಬರೆದುಕೊಂಡೆ.

ಸಿಂದಗಿಯ ಒಂದು ಕಾಲೇಜಿನವರು ಭಾಷಣಕ್ಕೆ ಕರೆದರು. ವಿಷಯ, ಏಕಾಗ್ರತೆ ಮತ್ತು ಸರಳತೆಯಿಂದ ಬ್ಲಾಗ್ ಬೆಳೆಸುವುದು. ನಾನು ಹೋಗುವುದಿಲ್ಲ ಎಂದೆ. ಅವಳು ಕೇಳಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೆಗೆದಿಟ್ಟು, ನನ್ನ ಓಣಿ ಹೆಸರ ಕೆಡಿಸಬ್ಯಾಡ್ರಿ ಎಂದು ಹೊರಡಿಸಿದಳು. ಬಸ್ಸಿನಲ್ಲಿ ಕೂತಾಗಿನಿಂದ ಅವಳ ಕೆಮ್ಮೇ ಕಿವಿಯಲ್ಲಿ.

ಹಾರ ಹಾಕಿದರು. ಒಂದೇ ವಿಷಯ ಹಿಡಿಯಿರಿ, ಬೇಡದ್ದನ್ನು ತೆಗೆಯಿರಿ, ಹೇಳಿದ ದಿನಕ್ಕೆ ತಪ್ಪದೆ ಬರೆಯಿರಿ ಎಂದು ಏನೇನೋ ಹೇಳಿದೆ. ಎಲ್ಲ ಖರೇ ಮಾತೇ. ಹೇಳಿ ಮುಗಿಸಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತಳು.

"ಸರ್, ಮೊದಲ ನೀವು ಉದ್ದ ಬರೀತಿದ್ರಿ. ಬರಬರ್ತಾ ಭಾಳ ಸಣ್ಣದಾತು. ಅಷ್ಟ ಸಣ್ಣಾಗಿ ಬರಿಯೂದ ಹೆಂಗ ಕಲತ್ರಿ?"

ನಾನು ಮೈಕು ಹಿಡಿದು ನಿಂತೆ. ಕಡೆಗೆ, "ನನ್ನ ಹೆಂಡತಿ ಕಲಿಸ್ಯಾಳವ್ವಾ," ಎಂದೆ.

ಸಭೆಯೆಲ್ಲ ನಕ್ಕಿತು. ಹೆಂಡತಿಯ ಮುಂದೆ ಮಾತಾಡಲಾಗದ ಗಂಡಸಿನ ಚೇಷ್ಟೆ ಎಂದುಕೊಂಡರು. ಚಪ್ಪಾಳೆ ನಿಲ್ಲಲೇ ಇಲ್ಲ. ನಾನು ಹಾರವನ್ನು ಅಲ್ಲೇ ಮೇಜಿನ ಮೇಲೆ ಇಟ್ಟು ಬಸ್ಸಿಗೆ ಬಂದೆ.

ಕಡೆಯಿಂದ ಎರಡನೆಯ ಮನೆಯ ಸರದಿ ಬಂದಾಗ ಅವಳಿಗೆ ರೊಟ್ಟಿ ಬಡಿಯುವ ಶಕ್ತಿ ಇರಲಿಲ್ಲ. ಗೋಡೆಗೆ ದಿಂಬು ಕೊಟ್ಟು ಕೂರಿಸಿದೆ. ಹಿಟ್ಟು ನಾದಿ ಒಂದು ಉಂಡೆ ಕೈಗೆ ಕೊಟ್ಟೆ. ಅದನ್ನು ಅಂಗೈಯಲ್ಲಿ ಒತ್ತುತ್ತ ಬಹಳ ಹೊತ್ತು ಕೂತಳು. ಆಮೇಲೆ ಹೇಳಿದಳು. "ನಮ್ಮ ಮನಿಗೂ ಅವರ ಮನಿಗೂ ಗ್ವಾಡಿ ಒಂದ. ಅವರು ಅತ್ರ ನಮಗ ಕೇಳ್ತಿತ್ತು." ಅಷ್ಟೇ. ಮುಂದಿನ ವಾರ ನಮ್ಮ ಮನಿ ಎನ್ನುವಂತೆ ನನ್ನ ಕಡೆ ನೋಡಿ ಸ್ವಲ್ಪ ನಕ್ಕಳು.

ಮುಂದಿನ ರವಿವಾರ ಬರುವ ಮೊದಲೇ ಹೋಗಿಬಿಟ್ಟಳು. ಬಿಜಾಪುರಕ್ಕೆ ಒಯ್ಯಲು ಗಾಡಿ ಬಾಗಿಲಿಗೆ ಬಂದು ನಿಂತಿತ್ತು. ಬೇಕಾಗಲಿಲ್ಲ.

ಮಣ್ಣು ಆಯಿತು, ದಿನಗಳು ಆದವು. ಅಂಗಡಿಯ ಬಾಗಿಲು ತೆರೆದಾಗ ಬ್ಲಾಗಿನಲ್ಲಿ ಓದುಗರು ಕಾಯುತ್ತ ಕೂತಿದ್ದರು. ಈ ವಾರದ ಮನೆ ಎಲ್ಲಿ ಸರ್, ಕಡೆಯ ಮನೆ ಯಾವಾಗ ಸರ್ ಎಂದು ಒಬ್ಬರ ಕೆಳಗೊಬ್ಬರು ಕೇಳಿದ್ದರು. ಅವಳ ಆಣೆ ಇನ್ನೂ ನನ್ನ ಮೇಲೆ ಇತ್ತು. ಅವಳ ರೋಗವನ್ನೂ ಬರೆಯಲಿಲ್ಲ, ಸಾವನ್ನೂ ಬರೆಯಲಿಲ್ಲ. ನನಗೆ ಗೊತ್ತಿದ್ದಷ್ಟನ್ನು ಟೈಪ್ ಮಾಡಿದೆ.

"ಇದು ಕಡೆಯ ಮನೆ. ಪಡಸಾಲೆಯವರೆಗೆ ನಾನು ಹೋಗಿದ್ದೇನೆ. ಒಳಗಿನದು ಗೊತ್ತಿಲ್ಲ."

ಎಲ್ಲಕ್ಕಿಂತ ಹೆಚ್ಚು ಜನ ಓದಿದ್ದು ಅದನ್ನೇ. ಅದ್ಭುತ, ಇದಕ್ಕಿಂತ ಸರಳವಾಗಿ ಬರೆಯಲು ಸಾಧ್ಯವಿಲ್ಲ, ಓದುಗನ ಕಲ್ಪನೆಗೆ ಬಿಟ್ಟದ್ದು ಬಹಳ ಚೆನ್ನ ಎಂದೆಲ್ಲ ಬರೆದರು. ನಾನು ಓದಿದೆ. ಓದಿ ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಎರಡು ದಿನ ಬಿಟ್ಟು ಅಂಗಡಿಯ ಫೋನು ರಿಂಗಾಯಿತು. ವಯಸ್ಸಾದ ಹೆಣ್ಣು ದನಿ.

"ನಾ ಪುಣೆದಿಂದ ಮಾತಾಡಾಕತ್ತೇನಪಾ, ಎರಡ ಬಾಗಲಾ ಮನಿಯಾಕಿ. ಹುಡುಗಿ ಯಾವಾಗ ಹೋದ್ಲು?"

"ನಿಮಗ ಯಾರ ಹೇಳಿದ್ರಿ?"

"ಯಾರ ಹೇಳಬೇಕೋ? ನನ್ನ ಮಗಾ ಓದಿ, ಎಷ್ಟ ಛಂದ ಬರದಾರ ನೋಡವ್ವಾ ಅಂದ. ನಾ ಅಂದೆ, ಛಂದ ಆಗ್ಲಿ ಅಂತ ಬರದದ್ದಲ್ಲೋ ಅದು. ಇಷ್ಟ ಮನಿ ತಿರಗಿ ತನ್ನ ಮನಿ ಬಾಗಲಕ್ಕ ಬಂದಾಕಿ, ಒಳಗ ಹೋಗದ ನಿಲ್ತಾಳೇನು? ಹೋಗ್ಯಾಳ ಅಕಿ. ಹೌದಿಲ್ಲೋ?"

"ಹೌದ್ರಿ," ಎಂದೆ.

ಆಕೆ ಅಳಲು ಶುರು ಮಾಡಿದಳು. ನಮ್ಮ ಕಡೆ ಹೆಣ್ಣುಮಕ್ಕಳು ಹೆಣದ ಮುಂದೆ ಕೂತು, ಹೋದವರನ್ನು ಕರೆದು ಕರೆದು, ಅವರು ಇದ್ದದ್ದು ಆಡಿದ್ದೆಲ್ಲ ಹಾಡಿಕೊಂಡು ಅಳುತ್ತಾರೆ. ಹಾಗೆ ಅತ್ತಳು. ಹೊಳೀ ಕಡೆ ಕಿಡಕ್ಯಾಗ ಕುಂತು ಜಡಿ ಹೆಣಿಸಿಕೊಂಡಾಕಿ ನನ್ನವ್ವಾ ಎಂದಳು. ನಡುಮನಿ ಕಂಬಾ ಸುತ್ತಿ ಸುತ್ತಿ ತಲಿ ತಿರಗಿ ಬಿದ್ದಾಕಿ ನನ್ನವ್ವಾ ಎಂದಳು. ದೇವರ ಜಗಲಿ ಬಾಜೂಕ ನಿಮ್ಮವ್ವ ಬೆಲ್ಲಾ ಮುಚ್ಚಿಟ್ರ ಹುಡುಕಿ ತಿಂದಾಕಿ, ಅಡಗಿ ಮನಿ ಬೆಳಕಿಂಡಿಯಿಂದ ನನಗ ಏ ಚಿಗವ್ವಾ ಅಂತ ಕೂಗಾಕಿ ಎಂದಳು. ಕಿಡಕಿ, ಕಂಬ, ಜಗಲಿ, ಅಡುಗೆಮನೆ, ಒಂದಾದ ಮೇಲೊಂದು ಬಂದವು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ನಾನು ಅವರ ಮುಂದೆಯೇ ಗೊಳೋ ಎಂದು ಅತ್ತೆ.

ಕಂಪ್ಯೂಟರು ಎದುರಿಗೇ ಇತ್ತು. ಪೆನ್ನೂ ಇತ್ತು. ನಾನು ಒಂದಕ್ಷರವನ್ನೂ ಬರೆದುಕೊಳ್ಳಲಿಲ್ಲ. ಆಕೆ ಆ ಮನೆಯ ಒಳಗೆಲ್ಲ ಅತ್ತು ಮುಗಿಸುವವರೆಗೆ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದೆ.